ಏಳು ಗಂಟೆಯ ಡಬ್ಬಿ

"ಆರು ವರ್ಷದ ಹಿಂದೆ ನಿಮಗೆ ಲಿವರ್ ಬದಲಾಯಿಸಿದ್ರಲ್ಲ, ಹಾಗೇ ಒಂದು ಕೈ ಮೇಲೆ ಹೋಗಿ ತಲೆನೂ ಬದಲಾಯಿಸಿಬಿಟ್ಟಿದ್ರೆ ನಮಗೆ ಈ ಕಷ್ಟ ಇರ್ತಿರ್ಲಿಲ್ಲ!"

ಲ್ಯಾಬಿನಲ್ಲಿ ರಕ್ತ ತೆಗೆಯುವ ಹೆಂಗಸು ಇದನ್ನು ಮೆಲ್ಲಗೇನೂ ಹೇಳಲಿಲ್ಲ. ಸಾಲಿನಲ್ಲಿದ್ದ ಇಪ್ಪತ್ತು ಜನ ಗೊಳ್ಳೆಂದು ನಕ್ಕರು. ಖಾಲಿ ಹೊಟ್ಟೆಯಲ್ಲಿ ಬಂದಿದ್ದ ಆ ಜನಕ್ಕೆ ಅದೇ ಬೆಳಗಿನ ತಿಂಡಿಯಾಯಿತು.

ಬೈಂಡರ್ ತಲೆ ತಗ್ಗಿಸಿದ. ಮುದ್ರಣಾಲಯದಲ್ಲಿ ಪುಸ್ತಕ ಹೊಲಿಯುವ ಅವನು ಮಾಡಿದ ತಪ್ಪು ಇಷ್ಟೆ: ಎಂಟು ಗಂಟೆಗೆ ಅಕ್ಕನ ಫೋನ್ ಬಂತು, "ನುಂಗಿದ್ಯೇನೋ?" ಅಂದಳು, ಕೈ ತಾನಾಗಿ ಜೇಬಿಗೆ ಹೋಯಿತು, ಮಾತ್ರೆ ಗಂಟಲಿಳಿಯಿತು. ಆರು ವರ್ಷದ ಅಭ್ಯಾಸ. ರಕ್ತ ಕೊಡುವ ದಿನ ಮಾತ್ರ ಕೊಟ್ಟ ಮೇಲೆಯೇ ನುಂಗಬೇಕು. ಮೊದಲೆಲ್ಲ ಏಳೂವರೆಗೇ ರಕ್ತ ತೆಗೆದು ಕಳಿಸುತ್ತಿದ್ದರು. ಜನಕ್ಕೆ ಅನುಕೂಲವಾಗಲಿ ಎಂದು ಟೋಕನ್ ತಂದರು ನೋಡಿ, ಅಂದಿನಿಂದ ಎಂಟೂವರೆಯಾದರೂ ಸರದಿ ಬರದು.

"ನಾಳೆ ಬನ್ನಿ. ನುಂಗದೇ ಬನ್ನಿ!"

ನಾಳೆ ತಪ್ಪುವಂತಿರಲಿಲ್ಲ. ಅವನ ಹೊಟ್ಟೆಯಲ್ಲಿದ್ದದ್ದು ಅಕ್ಕ ಕೊಟ್ಟ ಲಿವರಿನ ತುಂಡು. ಮೈಯ ಕಾವಲುಗಾರರು ಅದನ್ನು ಮನೆಗೆ ನುಗ್ಗಿದ ಕಳ್ಳನೆಂದುಕೊಂಡು ಬಡಿಯದಂತೆ ತೂಕಡಿಸುವ ಹಾಗೆ ಮಾಡುವುದೇ ಆ ಮಾತ್ರೆಯ ಕೆಲಸ. ಮೊದಲ ವರ್ಷ ದಿನಕ್ಕೆ ಹದಿನಾರು ಮಾತ್ರೆಗಳಿದ್ದವು, ಐದು ಹೊತ್ತು. ಒಂದೊಂದೇ ಬಿಡಿಸಿ ಬಿಡಿಸಿ ಕೊನೆಗೆ ಉಳಿದದ್ದು ಬೆಳಿಗ್ಗೆ ಎಂಟಕ್ಕೊಂದು, ರಾತ್ರಿ ಎಂಟಕ್ಕೊಂದು. ಅದರ ಹಿಂದೆ ಎರಡು ಗಂಟೆ, ಮುಂದೆ ಒಂದು ಗಂಟೆ ಬಾಯಿಗೆ ಏನೂ ಹಾಕುವಂತಿಲ್ಲ. ಈ ಸಲ ರಕ್ತದಲ್ಲಿ ಔಷಧದ ಮಟ್ಟ ಸರಿಯಾಗಿದ್ದರೆ ಬೆಳಿಗ್ಗೆ ಮಾತ್ರ ನುಂಗುವ ಹೊಸ ಮಾತ್ರೆ ಕೊಡುತ್ತೇನೆ ಎಂದಿದ್ದರು ಡಾಕ್ಟರು.

ಹಾಗಾದರೆ ಸಂಜೆ ಏಳು ಗಂಟೆ ಅವನದಾಗುತ್ತಿತ್ತು.

ಆ ಏಳು ಗಂಟೆ! ಕಾಯಿಲೆಗೆ ಮೊದಲು, ಪ್ರೆಸ್ಸಿನಲ್ಲಿ ಮಷಿನ್ ನಿಂತೊಡನೆ ಕಿವಿಯಲ್ಲಿ ಗುಂಯ್ ಎನ್ನುವ ಮೌನ. ಬೈಂಡಿಂಗ್ ಮೇಜಿನ ಮೇಲೆ ಹಾಳಾದ ಹಾಳೆ ಹಾಸಿ ನಾಲ್ವರೂ ತಂತಮ್ಮ ಊಟದ ಡಬ್ಬಿ ಒಟ್ಟಿಗೆ ತೆರೆಯುತ್ತಿದ್ದರು. ಎಷ್ಟು ತೊಳೆದರೂ ಬೆರಳಿಗೆ ಮಸಿಯ ವಾಸನೆ, ಮೊಟ್ಟೆಗೂ ಅದೇ ವಾಸನೆ. ಫೋರ್‌ಮನ್ ತನ್ನ ಡಬ್ಬಿ ಮುಚ್ಚಿಟ್ಟು ಬೇರೆಯವರದಕ್ಕೆ ಕೈ ಹಾಕುತ್ತಿದ್ದ. ಪ್ರೂಫ್ ಮೇಷ್ಟ್ರು ತುತ್ತು ಬಾಯಲ್ಲಿಟ್ಟುಕೊಂಡೇ ಡಬ್ಬಿಗೆ ಸುತ್ತಿದ ಪೇಪರಿನಲ್ಲಿ ತಪ್ಪು ಹುಡುಕುತ್ತಿದ್ದರು. ನಗುನಗುತ್ತಾ ಮಷಿನ್‌ಮನ್‌ಗೆ ನೆತ್ತಿಗೇರುತ್ತಿತ್ತು, ಮೂವರೂ ಸೇರಿ ಬೆನ್ನಿಗೆ ಗುದ್ದುತ್ತಿದ್ದರು. ಆರು ವರ್ಷದಿಂದ ಬೈಂಡರ್ ಆರಕ್ಕೇ ಮನೆಗೆ ಹೋಗಿ ಗೋಡೆ ನೋಡುತ್ತಾ ಕೂರುತ್ತಿದ್ದ. ಆಸ್ಪತ್ರೆಯವರು ಜೀವ ಉಳಿಸಿಕೊಟ್ಟಿದ್ದರು, ನಿಜ. ಅದರಲ್ಲೊಂದು ಗಂಟೆ ಮಾತ್ರ ಇಟ್ಟುಕೊಂಡುಬಿಟ್ಟಿದ್ದರು.

ಮರುದಿನ ಅವನು ಫೋನ್ ಆಫ್ ಮಾಡಿ ಲ್ಯಾಬಿನಲ್ಲಿ ಕೂತ. ಎಂಟಾಯಿತು. ಬಲಗೈ ಜೇಬಿನ ಕಡೆ ಹೊರಟಿತು. ಅದನ್ನು ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೇ ಕೂತ. ಎಂಟೂ ಹತ್ತಾಯಿತು. ಹೊರಗೆ ಸ್ಕೂಟರ್ ಕಿರ್ರೆಂದು ನಿಂತಿತು. ಓಡಿಸುತ್ತಿದ್ದವನು ಅಕ್ಕನ ಮನೆ ಪಕ್ಕದ ಸಲೂನಿನವನು. ಅರ್ಧ ಗಡ್ಡ ಹೆರೆದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಬಂದಿದ್ದ. ಹಿಂದೆ ನೀರಿನ ಬಾಟಲಿ ಹಿಡಿದ ಅಕ್ಕ.

"ಫೋನ್ ಯಾಕೋ ಆಫ್ ಮಾಡಿದ್ದೀಯ? ಬಾಡಿಗೆ ಮನೇನ ಜನ ಇದಕ್ಕಿಂತ ಜೋಪಾನವಾಗಿ ಇಟ್ಕೋತಾರೆ! ಅದು ನಂದು ಕಣೋ, ನನ್ನ ಲಿವರ್ರು!"

"ಅಕ್ಕಾ, ರಕ್ತ ಕೊಟ್ಟು ನುಂಗ್ತೀನೇ."

"ರಕ್ತಕ್ಕೂ ಮಾತ್ರೆಗೂ ಏನೋ ಸಂಬಂಧ? ತೆಗಿ ಬಾಯಿ!"

ಬೈಂಡರ್ ಹಲ್ಲು ಕಚ್ಚಿದ. ಸಲೂನಿನವನು ಹಿಂದಿನಿಂದ ಬಂದು ತಲೆ ಹಿಡಿದ. ತಲೆ ಹಿಡಿಯುವುದರಲ್ಲಿ ಪಳಗಿದ ಕೈ, ಅತ್ತಿತ್ತ ಅಲುಗಲಿಲ್ಲ. "ಅಣ್ಣಾ, ಒಂದೇ ನಿಮಿಷ, ಅಲ್ಲಾಡ್ಬೇಡಿ" ಎಂದು ರೂಢಿಯ ಮೇಲೆ ಹೇಳಿಯೂಬಿಟ್ಟ. ಅಕ್ಕ ಕೆನ್ನೆ ಒತ್ತಿದಳು. ಸಾಲಿನಲ್ಲಿದ್ದವರು ಎದ್ದು ನಿಂತು, "ಮೂಗು ಮುಚ್ಚಿ, ಬಾಯಿ ತಾನಾಗೇ ತೆರ್ಕೊಳ್ಳುತ್ತೆ" ಎಂದು ಸಲಹೆ ಕೊಟ್ಟರು. ಮೂಗು ಮುಚ್ಚಿದರು. ಮುಖ ಕೆಂಪಾಯಿತು, ನೀಲಿಯಾಯಿತು. ಏಳು ಗಂಟೆಯನ್ನು ನೆನೆದುಕೊಂಡು ಅವನು ಬಾಯಿ ಬಿಗಿದೇ ಇದ್ದ.

"ಏನ್ರೀ ಇದು, ಆಸ್ಪತ್ರೆನೋ ಕುಸ್ತಿ ಅಖಾಡನೋ?" ರಕ್ತ ತೆಗೆಯುವಾಕೆ ಹೊರಗೆ ಬಂದಳು. "ನಿನ್ನೆ ರಾತ್ರಿದು ಎಷ್ಟು ಉಳ್ಕೊಂಡಿದೆ ಅಂತ ನೋಡ್ಬೇಕಮ್ಮ. ಈಗ ನುಂಗಿಸಿದ್ರೆ ಲೆಕ್ಕ ಎಲ್ಲಾ ಕೆಟ್ಟುಹೋಗುತ್ತೆ. ಬಿಡಿ ಅವರನ್ನ!"

ಬಿಟ್ಟರು. ಸೂಜಿ ಚುಚ್ಚಿದಾಗ ಅವನು ಮೊದಲ ಬಾರಿಗೆ ನಕ್ಕ.

ಸಂಜೆ ಡಾಕ್ಟರು ಚೀಟಿ ನೋಡಿ ತಲೆಯಾಡಿಸಿದರು. "ಮಟ್ಟ ಚೆನ್ನಾಗಿದೆ. ಇವತ್ತು ರಾತ್ರಿದು ಕೊನೇದು. ನಾಳೆಯಿಂದ ಬೆಳಿಗ್ಗೆ ಒಂದೇ ಸಲ. ಅದು ಮಾತ್ರ ತಪ್ಪಬಾರದು."

ಮರುದಿನ ಆರು ಗಂಟೆಗೆ ಬೈಂಡರ್ ಮನೆಗೆ ಹೊರಡಲಿಲ್ಲ. ಯಾರಿಗೂ ಹೇಳದೆ ರಟ್ಟಿನ ರಾಶಿಯ ಹಿಂದೆ ಕಾದು ಕೂತ. ಏಳಕ್ಕೆ ಮಷಿನ್ ನಿಂತಿತು. ಮೇಜಿನ ಮೇಲೆ ಹಾಳೆ ಹಾಸಿ, ನಡುವೆ ಡಬ್ಬಿ ಇಟ್ಟು, ಮುಚ್ಚಳ ತೆಗೆದ. ನಾಲ್ಕು ಜನಕ್ಕಾಗುವಷ್ಟು ತಂದಿದ್ದ.

"ಬನ್ರೋ!"

ಮೂವರೂ ಬಂದರು. ಅಪ್ಪಿಕೊಂಡರು. ಮೇಷ್ಟ್ರ ಕಣ್ಣು ಒದ್ದೆಯಾಯಿತು. ಯಾರೂ ಕೂರಲಿಲ್ಲ.

"ನಂದು ಆರೂವರೆಗೇ ಆಯ್ತು ಕಣೋ, ಎರಡು ಒಣ ರೊಟ್ಟಿ. ಶುಗರ್ರು" ಅಂದ ಫೋರ್‌ಮನ್.

"ನಾನು ಈಗ ತಾನೆ ಗ್ಯಾಸಿನ ಮಾತ್ರೆ ನುಂಗ್ದೆ. ಅರ್ಧ ಗಂಟೆ ಮುಟ್ಟೋ ಹಾಗಿಲ್ಲ" ಅಂದ ಮಷಿನ್‌ಮನ್.

"ನಂಗೆ ಉಪ್ಪಿಲ್ಲದ ಗಂಜಿ, ಎಂಟಕ್ಕೆ" ಎಂದರು ಮೇಷ್ಟ್ರು.

"ಯಾವಾಗಿಂದ ಇದೆಲ್ಲ?"

"ಆಯ್ತಪ್ಪ, ಮೂರ್ನಾಲ್ಕು ವರ್ಷ. ನಿನ್ನ ಕಾಯಿಲೆ ಎದುರಿಗೆ ನಮ್ಮದನ್ನ ಏನಂತ ಹೇಳ್ಕೊಳ್ಳೋದು? ನಾಚಿಕೆ ಆಯ್ತು" ಎಂದರು ಮೇಷ್ಟ್ರು.

ಆಮೇಲೆ ಫೋರ್‌ಮನ್ನನ ಮುಖ ಅರಳಿತು. ಹಳೇ ಪ್ರೂಫಿನ ಹಿಂಬದಿಯಲ್ಲಿ ಗೀಟು ಎಳೆದು, ಗಂಟೆ ಬರೆದು, ಎದುರಿಗೆ ಹಿಡಿದ.

"ನಾವು ಮೂರೂ ಜನ ದಿನಾ ಮಾತ್ರೆ ಮರೀತಾ ಇದ್ದೀವಿ. ನಿಂಗೆ ಆರು ವರ್ಷದ ಅನುಭವ, ಈಗ ಸಂಜೆ ಬಿಡುವು ಬೇರೆ. ಆರೂಕಾಲಿಗೆ ನಂಗೆ, ಏಳಕ್ಕೆ ಇವನಿಗೆ, ಎಂಟಕ್ಕೆ ಮೇಷ್ಟ್ರಿಗೆ, ಒಂಬತ್ತಕ್ಕೆ ಮತ್ತೆ ನಂಗೆ. ಒಂದೊಂದು ಕೂಗು ಹಾಕ್ಬಿಡು, ಸಾಕು. ಏನಂತೀಯ?"

ಬೈಂಡರ್ ಕಾಗದ ನೋಡಿದ. ಮೇಜು ನೋಡಿದ. ಡಬ್ಬಿಯ ಮುಚ್ಚಳ ಒತ್ತಿ ಹಾಕಿದ.

"ಏನಂತೀಯೋ?"

ಅವನು ಕಾಗದ ಮುಟ್ಟದೆ, ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು, ಮೆಟ್ಟಿಲಿಳಿದು, ಬೀದಿಯಲ್ಲಿ ನಡೆದುಹೋದ.