ಒಗೆಯಬಾರದ ಶರ್ಟು

ಪ್ರದ್ಯುಮ್ನ ಹೋದ ತಿಂಗಳ ಹದಿನಾಲ್ಕನೆಯ ತಾರೀಖು, ಸೋಮವಾರ ಬೆಳಗ್ಗೆ ಏಳೂಮುಕ್ಕಾಲಿಗೆ ತೀರಿಕೊಂಡ. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು ಎಂದರು. ಅವನಿಗೆ ಇಪ್ಪತ್ತೆರಡು ವರ್ಷ. ಇನ್ನು ಹನ್ನೊಂದು ದಿನಕ್ಕೆ ಆನೆಗಳ ಸೇವೆಗೆಂದು ಥಾಯ್ಲೆಂಡಿಗೆ ಹೊರಡಬೇಕಿತ್ತು.

ಅವನ ಬಗ್ಗೆ ಬರೆದರೆ ನಗುವಂತೆಯೇ ಬರೆಯುತ್ತೇನೆ ಎಂದು ಪಣ ತೊಟ್ಟಿದ್ದೇನೆ. ನನ್ನ ಹಿಂದಿನ ಪಣವೊಂದರ ಗತಿ ಏನಾಯಿತು ಎನ್ನುವುದೇ ಈ ಬರಹದ ವಿಷಯ. ಆದ್ದರಿಂದ ಓದುಗರು ನನ್ನನ್ನು ಹೆಚ್ಚು ನಂಬಬೇಕಾಗಿಲ್ಲ.

ನಾವಿಬ್ಬರೂ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಓದುತ್ತಿದ್ದೆವು. ಕಾಡಿನಲ್ಲಿ ಮರ ಎಳೆದೂ ಎಳೆದೂ ಮುದಿಯಾದ ಆನೆಗಳನ್ನು ಸಾಕುವ ಶಿಬಿರವೊಂದು ವಿದ್ಯಾರ್ಥಿ ಸ್ವಯಂಸೇವಕರನ್ನು ಕರೆದಿತ್ತು. ಇಬ್ಬರೂ ಅರ್ಜಿ ಹಾಕಿದೆವು. ಅವನು ಆಯ್ಕೆಯಾದ. ನಾನು ಅವನ ಆಪ್ತ ಕಾರ್ಯದರ್ಶಿ, ಸಾಮಾನು ಸಚಿವ ಮತ್ತು ವಸ್ತ್ರರಕ್ಷಕನಾಗಿ ನನ್ನನ್ನು ನಾನೇ ನೇಮಿಸಿಕೊಂಡೆ.

ಅವನ ಪಾಲಿಗೆ ಬಂದ ಆನೆಯ ಹೆಸರು ಮೇ ಬುವಾ. ಅರವತ್ತು ವರ್ಷ, ಎರಡೂ ಕಣ್ಣು ಕುರುಡು. ಜನರನ್ನು ವಾಸನೆಯಿಂದಲೇ ಗುರುತು ಹಿಡಿಯುತ್ತಾಳೆ. ಹಾಗಾಗಿ ಶಿಬಿರದವರ ಪಟ್ಟಿಯಲ್ಲಿ ಸೊಳ್ಳೆಪರದೆ, ಗಂಬೂಟುಗಳ ಕೆಳಗೆ ಒಂದು ವಿಚಿತ್ರ ಸೂಚನೆ ಇತ್ತು. ಬರುವವನು ಒಂದು ಟೀ-ಶರ್ಟನ್ನು ಏಳು ದಿನ ತೊಟ್ಟು, ಒಗೆಯದೆ, ಸೆಂಟು ಹಾಕದೆ, ಮುಂಚಿತವಾಗಿ ಕಳಿಸಬೇಕು. ಅವಳು ಅದನ್ನು ಮೂಸಿ ರೂಢಿ ಮಾಡಿಕೊಳ್ಳುತ್ತಾಳೆ. ಗೊತ್ತಿಲ್ಲದ ವಾಸನೆಯವನು ಹತ್ತಿರ ಹೋದರೆ ಸೊಂಡಿಲು ಬೀಸುತ್ತಾಳೆ. ಹಿಂದೊಬ್ಬನ ಪಕ್ಕೆಲುಬು ಮುರಿದಿತ್ತಂತೆ.

"ಏಳೇ ದಿನ ತಾನೆ ಮಗಾ? ಹಾಸ್ಟೆಲ್ ಹುಡುಗ್ರು ಇಡೀ ಸೆಮಿಸ್ಟರ್ ಒಂದೇ ಶರ್ಟಲ್ಲಿ ಕಳೀತಾರೆ," ಎಂದ ಪ್ರದ್ಯುಮ್ನ.

ಆದರೆ ಅವನು ಹಾಸ್ಟೆಲ್ ಹುಡುಗನಲ್ಲ, ವಿದ್ಯಾರಣ್ಯಪುರದ ಗೋದಾ ಆಂಟಿಯ ಮಗ. ಆ ಮನೆಯಲ್ಲಿ ಒಮ್ಮೆ ಮೈಗೆ ತಾಗಿದ ಬಟ್ಟೆ ಮರುದಿನದ ಸೂರ್ಯನನ್ನು ಒಣಗುವ ತಂತಿಯ ಮೇಲಿಂದಲೇ ನೋಡಬೇಕು. ಮೈಲಿಗೆಗೆ ಅಲ್ಲಿ ವೀಸಾ ಇಲ್ಲ.

ಮೊದಲನೆಯ ಶರ್ಟು ಮೂರನೆಯ ದಿನ ಮಾಯವಾಯಿತು.

"ಅಮ್ಮಾ, ನನ್ನ ಶರ್ಟ್ ಎಲ್ಲಿ?"

"ಯಾವುದು, ಆ ನಾರ್ತಿದ್ದಿದ್ದಾ? ನೆನೆ ಹಾಕಿದೀನಿ."

"ಅದು ಆನೆಗೆ ಅಮ್ಮಾ."

"ಆನೆಗಾದ್ರೆ ಮರ್ಯಾದೆ ಬೇಡ್ವೇನೋ? ಒಗೆದು ಇಸ್ತ್ರಿ ಮಾಡಿ ಕಳಿಸು."

ಅವನ ಅಪ್ಪ ಸೇತುರಾಮ ಅಂಕಲ್ ಪೇಪರಿನ ಹಿಂದಿನಿಂದ, "ಗೋದಾ, ವಾಸನೇನೇ ಅವನ ಗುರುತಿನ ಚೀಟಿ ಕಣೇ," ಎಂದರು.

"ನಿಮ್ಮ ಗುರುತಿನ ಚೀಟೀನೂ ಅದೇ ಬಕೆಟ್‌ನಲ್ಲಿದೆ. ಪ್ಯಾಂಟಿನ ಜೇಬು ನೋಡ್ಕೊಳ್ಳೋ ಅಭ್ಯಾಸ ನಿಮಗೂ ಇಲ್ಲ."

ಎರಡನೆಯ ಶರ್ಟನ್ನು ಅವನು ಸ್ನಾನಕ್ಕೆ ಹೋಗುವಾಗಲೂ ಜೊತೆಗೇ ಒಯ್ದು ಬಚ್ಚಲಿನ ಬಾಗಿಲ ಮೇಲೆ ಹಾಕಿಕೊಂಡ. ಗೋದಾ ಆಂಟಿ ಮಡಿಬಟ್ಟೆ ಎತ್ತುವ ಕೋಲಿನಿಂದ ಹೊರಗಡೆಯಿಂದಲೇ ಅದನ್ನು ಎತ್ತಿ, ಕೈ ಸೋಕಿಸದೆ, ನೇರವಾಗಿ ಬಕೆಟ್ಟಿಗೆ ಇಳಿಸಿದರು. ಕ್ರೇನಿನವರು ಕಲಿಯಬೇಕು.

ಮೂರನೆಯ ಶರ್ಟಿನೊಂದಿಗೆ ಅವನು ಹುಣಸಮಾರನಹಳ್ಳಿಯ ನಮ್ಮ ಮನೆಗೆ ಗಡೀಪಾರಾದ. ಏಳು ದಿನ ಪೂರೈಸಿದ. ಅಂದು ಸಂಜೆ, ಮರುದಿನ ಮನೆಯಲ್ಲಿ ತಾತನ ತಿಥಿ ಇದೆಯೆಂದು ಹೊರಡುವಾಗ, ಶರ್ಟನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ನನ್ನ ಕೈಗೆ ಕೊಟ್ಟ.

"ನಾಳೆ ಕೊರಿಯರ್‌ಗೆ ಹಾಕ್ಬಿಡು ಗುರು. ಯಾರೂ ಮುಟ್ಟಬಾರ್ದು."

"ಈ ತಲೆ ಉರುಳಿದರೂ ಈ ಶರ್ಟು ಒದ್ದೆಯಾಗದು," ಎಂದೆ. ನಾನು ಹೇಳಿದ ಪಣ ಇದೇ.

ಬೆಳಗ್ಗೆ ಎದ್ದು ನೋಡಿದರೆ ಶರ್ಟು ಹಿತ್ತಲಿನ ತಂತಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಪಕ್ಕದಲ್ಲಿ ನಮ್ಮಜ್ಜಿ ದ್ರೌಪದಮ್ಮ.

"ಇಂಗೆ ಗಬ್ಬುನಾತ ಒಡಿಯೋದ್ನ ಕವರ್‌ನಾಗೆ ಕಟ್ಟಿ ಮಡಗಿದ್ದೀಯಲ್ಲ, ಬುದ್ಧಿ ಐತೇನ್ಲಾ ನಿಂಗೆ? ಕಲ್ಲಿಗೆ ಎತ್ತಾಕಿ ಒಗ್ದಿವ್ನಿ, ನೋಡು."

ನೋಡಿದೆ. ಪ್ರದ್ಯುಮ್ನನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಕಳಿಸಿಯಾಯಿತು ಎಂದು ಫೋನ್ ಮಾಡಿ, ಆ ಶರ್ಟನ್ನು ನಾನೇ ಒಳಗೆ ತೊಟ್ಟುಕೊಂಡೆ. ಇಬ್ಬರದೂ ಒಂದೇ ಎತ್ತರ, ಒಂದೇ ಕ್ಲಾಸು, ಒಂದೇ ಕ್ಯಾಂಟೀನು. ಬೆವರಿನಲ್ಲಿ ಎಷ್ಟು ವ್ಯತ್ಯಾಸವಿದ್ದೀತು? ಇನ್ನೂ ಒಂದು ಮಾತು ನಿಜ. ಆನೆಯ ಹತ್ತಿರ ನಾನು ಹೋಗಲಾಗದಿದ್ದರೂ ನನ್ನ ಬೆವರಾದರೂ ಹೋಗಲಿ ಎಂಬ ಆಸೆಯೂ ಇತ್ತು.

ನಾಲ್ಕನೆಯ ದಿನ ಯಲಹಂಕದ ಬಸ್ ಸ್ಟಾಪಿನಲ್ಲಿ ಯಾರೋ ಹಿಂದಿನಿಂದ ಬೆನ್ನಿಗೆ ಗುದ್ದಿ, "ಪ್ರದ್ಯು, ಏನ್ ಸಮಾಚಾರ?" ಎಂದರು. ತಿರುಗಿದರೆ ಕ್ಲಾಸಿನ ಶರ್ವಾಣಿ. ದಿನವೂ ನನ್ನ ಮುಂದಿನ ಬೆಂಚಿನಲ್ಲಿ ಕೂರುವವಳು. ಆರನೆಯ ದಿನ ವಿದ್ಯಾರಣ್ಯಪುರಕ್ಕೆ ಹೋದೆ. ಗೋದಾ ಆಂಟಿ ನನಗೆ ಬೆನ್ನು ಮಾಡಿ ರಂಗೋಲಿ ಹಾಕುತ್ತಿದ್ದರು. ನಾನು ಗೇಟು ತೆಗೆದ ಸದ್ದೂ ಆಗಿರಲಿಲ್ಲ. "ಪ್ರದ್ಯು, ಕಾಲು ತೊಳ್ಕೊಂಡು ಒಳಗೆ ಬಾ," ಎಂದರು. ಆಮೇಲೆ ತಿರುಗಿ, "ಅಯ್ಯೋ, ನೀನಾ," ಎಂದು ನಕ್ಕರು. ನಾನೂ ನಕ್ಕೆ. ಒಳಗೆ ಪ್ರದ್ಯುಮ್ನ ಯಾರೊಡನೆಯೋ ಫೋನಿನಲ್ಲಿ ಮಾತಾಡುವುದು ಕೇಳುತ್ತಿತ್ತು. ಅವನ ಧ್ವನಿ ಕೇಳಿಸಿ ಸಮಾಧಾನವಾಯಿತು. ಯಾಕೆ ಸಮಾಧಾನವಾಗಬೇಕಿತ್ತೋ ತಿಳಿಯಲಿಲ್ಲ.

ಎಂಟನೆಯ ದಿನ ಶರ್ಟು ಕಳಿಸಿದೆ. ಎರಡು ವಾರದ ಮೇಲೆ ಶಿಬಿರದಿಂದ ವಿಡಿಯೋ ಬಂತು. ಮೇ ಬುವಾ ಸೊಂಡಿಲಿನಿಂದ ಶರ್ಟನ್ನು ಎತ್ತಿಕೊಂಡಳು. ಬೀಸುತ್ತಿದ್ದ ಕಿವಿಗಳು ನಿಂತವು. ಫೋನಿನ ಸ್ಪೀಕರು ನಡುಗುವಂಥ ಒಂದು ತಗ್ಗಿದ ಸದ್ದು ಮಾಡಿದಳು. ಆಮೇಲೆ ತಲೆ ಎತ್ತಿ, ಬಿಳಿಗಟ್ಟಿದ ಕಣ್ಣುಗಳನ್ನು ನಮ್ಮ ಕಡೆ ತಿರುಗಿಸಿದಳು. ಫೋನು ಹಿಡಿದಿದ್ದವನು ಪ್ರದ್ಯುಮ್ನ. ನಾನು ಅವನ ಹಿಂದೆ ನಿಂತಿದ್ದೆ. ಸುಮ್ಮನೆ ಎಡಕ್ಕೆ ಒಂದು ಹೆಜ್ಜೆ ಸರಿದೆ. ವಿಡಿಯೋದಲ್ಲಿ ಅವಳೂ ಅದೇ ಕಡೆಗೆ ಒಂದು ಹೆಜ್ಜೆ ಇಟ್ಟಳು.

"ಒಪ್ಕೊಂಡ್ಬಿಟ್ಳು ಕಣೋ ನನ್ನ," ಎಂದ ಪ್ರದ್ಯುಮ್ನ.

ಅಂದಿನಿಂದ ನನ್ನ ಕಣ್ಣ ಮುಂದೆ ಬರೀ ಪಕ್ಕೆಲುಬುಗಳು. ಅಲ್ಲಿ ಹೋಗಿ ನಿಂತಾಗ ಆ ಮುದುಕಿ ಅವನನ್ನು ಮೂಸಿ, ಇವನಲ್ಲ ಎಂದರೆ? ಹೇಳಿಬಿಡಬೇಕೆಂದು ದಿನವೂ ಬಾಯಿ ತೆರೆದೆ. ಬಾಯಿ ತೆರೆದಾಗಲೆಲ್ಲ ಅವನು ತಿನ್ನಲು ಏನಾದರೂ ಕೊಡುತ್ತಿದ್ದ. ಸೋಮವಾರ ಖಂಡಿತ ಹೇಳುತ್ತೇನೆ ಎಂದುಕೊಂಡಿದ್ದೆ.

ಹದಿಮೂರನೆಯ ದಿನದ ಊಟವಾದ ಮೇಲೆ ಗೋದಾ ಆಂಟಿ ನನ್ನನ್ನು ಅವನ ಕೋಣೆಗೆ ಕರೆದರು. ಬೀರು ತೆರೆದರು. ಎಲ್ಲ ಬಟ್ಟೆಯೂ ಮಡಿಸಿ, ಇಸ್ತ್ರಿಯಾಗಿ ಕೂತಿತ್ತು. ಸೂತಕ ಕಳೆಯಲೆಂದು ಹಾಸಿಗೆ, ಹೊದಿಕೆ, ಪರದೆಯೂ ಒಗೆದಾಗಿತ್ತು.

"ಎಲ್ಲಾ ನಾನೇ ಒಗೆದೆ," ಎಂದರು. "ಒಂದರಲ್ಲೂ ಅವನಿಲ್ಲ ಕಣೋ. ದಿಂಬಿನಲ್ಲೂ ಸೋಪಿನ ವಾಸನೆ. ಆ ಆನೆ ಹತ್ರ ಇರೋದೊಂದೇ ಒಗೀದೆ ಉಳಿದಿರೋದು. ಅದನ್ನ ತರಿಸಿಕೊಡ್ತೀಯಾ ಮುನೇಶ?"

ನನ್ನ ಬೆವರನ್ನು ಆಕೆ ಮಗನೆಂದು ಕೇಳುತ್ತಿದ್ದರು. ನಾನು, "ಆಗಲಿ ಆಂಟಿ," ಎಂದೆ.

ಶಿಬಿರಕ್ಕೆ ಸುದ್ದಿ ತಿಳಿಸಿ, ಶರ್ಟು ವಾಪಸ್ ಕೇಳಿ ಪತ್ರ ಬರೆದೆ. ಉತ್ತರ ಬಂತು. ಮೇ ಬುವಾ ಆ ಶರ್ಟನ್ನು ದಿನವೂ ಕಾಲಬಳಿ ಇಟ್ಟುಕೊಳ್ಳುತ್ತಿದ್ದಳಂತೆ. ಹದಿನಾಲ್ಕರ ಸೋಮವಾರ, ಅಲ್ಲಿಯ ಒಂಬತ್ತೂಕಾಲಿಗೆ, ಅದನ್ನು ಒಂದು ತಗ್ಗಿನಲ್ಲಿಟ್ಟು ಮಣ್ಣು ಎಳೆದಳಂತೆ. ಮೇಲೆ ಒಂದೊಂದೇ ಸೊಪ್ಪಿನ ಕೊಂಬೆ ತಂದು ಮುಚ್ಚಿದಳಂತೆ. ಸಂಜೆಯವರೆಗೂ ಅಲ್ಲಿಂದ ಕದಲಲಿಲ್ಲ. ಸತ್ತ ಆನೆಗೆ ಹೀಗೆ ಮಾಡುವುದನ್ನು ಮಾವುತ ನೋಡಿದ್ದನಂತೆ, ಬಟ್ಟೆಗೆ ಮಾಡುವುದನ್ನು ನೋಡಿರಲಿಲ್ಲ.

ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದೆ. ನಮ್ಮ ಏಳೂಮುಕ್ಕಾಲು.

ಆದರೆ ಶರ್ಟಿನಲ್ಲಿದ್ದವನು ನಾನು. ಹಾಗಾದರೆ ಅವಳು ಮಣ್ಣು ಮಾಡಿದ್ದು ಯಾರನ್ನು? ಎದ್ದು ಹೋಗಿ ಕನ್ನಡಿ ನೋಡಿಕೊಂಡೆ. ಇದ್ದೆ. ಮಣಿಕಟ್ಟಿನ ನಾಡಿ ಹಿಡಿದೆ. ಓಡುತ್ತಿತ್ತು. ಭಾವಿ ಪಶುವೈದ್ಯನಾಗಿ, ದನಗಳಿಗೆ ನೋಡುವಂತೆ, ಬಾಲದ ಬುಡದಲ್ಲಿ ನೋಡಬೇಕಿತ್ತು, ಸೌಲಭ್ಯವಿಲ್ಲ.

ಪಾರ್ಸೆಲ್ಲು ಬಂತು. ಕೆಂಪು ಮಣ್ಣು ಇನ್ನೂ ಮೆತ್ತಿಕೊಂಡಿತ್ತು. ಗೋದಾ ಆಂಟಿ ಅದನ್ನು ಎರಡೂ ಕೈಯಲ್ಲಿ ಎತ್ತಿ ಮುಖಕ್ಕೆ ಒತ್ತಿಕೊಂಡರು.

"ಇದೇ," ಎಂದರು. "ಅವತ್ತು ಬೆಳಗ್ಗೆ ಅವನ ಮೈಮೇಲೆ ಇದೇ ವಾಸನೆ ಇತ್ತು."

ಸುಮ್ಮನಿದ್ದಿದ್ದರೆ ಸಾಕಿತ್ತು. ಆಗಲಿಲ್ಲ.

"ಆಂಟಿ, ಅದು ಅವನದಲ್ಲ. ನಂದು." ಎಲ್ಲವನ್ನೂ ಹೇಳಿದೆ.

ಅವರು ಶರ್ಟನ್ನು ಕೆಳಗಿಡಲಿಲ್ಲ. "ನಿಂದೇ ಅಂತ ಗೊತ್ತು ಕಣೋ, ಗೊತ್ತಿದ್ದೇ ತರಿಸಿದ್ದು. ಅದರ ಹಿಂದಿನ ದಿನ, ಭಾನುವಾರ, ನಿಮ್ಮನೆಗೆ ಹೋಗಿದ್ದ. ನೀನಿರ್ಲಿಲ್ಲ. ನಿಮ್ಮಜ್ಜಿ ಶರ್ಟ್ ಒಗೆದಿದ್ದನ್ನ, ನೀನದನ್ನ ತೊಟ್ಕೊಂಡು ತಿರುಗಿದ್ದನ್ನ ಬಾಯ್ಬಿಟ್ರಂತೆ. ಇವನಿಗೆ ಎಲ್ಲಾ ಅರ್ಥ ಆಗೋಯ್ತು. ಬಂದು ಬಿದ್ದು ಬಿದ್ದು ನಕ್ಕ."

"ಬೈಲಿಲ್ವಾ?"

"'ಕೇಳಿದ್ರೆ ಅವನ ಮುಖ ಸಣ್ಣಗಾಗತ್ತೆ ಅಮ್ಮಾ, ಕೇಳಲ್ಲ. ಆ ಮುದುಕಿಗೆ ಮುನೇಶನೇ ಬೇಕು ಅಂದ್ರೆ ನಾನೇ ಮುನೇಶ ಆಗಿ ಹೋಗ್ತೀನಿ,' ಅಂದ. ನಿಮ್ಮ ಬಚ್ಚಲಿಂದ ನಿನ್ನ ಚೌಕಳಿ ಶರ್ಟ್ ಕದ್ದು ತಂದಿದ್ದ."

ಆಸ್ಪತ್ರೆಯವರು ಅವನ ಮೈಮೇಲಿಂದ ಕತ್ತರಿಸಿ ತೆಗೆದು ಬಿಸಾಡಿದ್ದು ಅದನ್ನೇ.

ಸೋಮವಾರ ಅವನು ಬೇಗ ಎದ್ದು ಸ್ನಾನ ಮಾಡಿದ. "ಸ್ನಾನ ಮಾಡಿ ಯಾರದೋ ಮೈಲಿಗೆ ಹಾಕ್ಕೋತೀಯೇನೋ?" ಎಂದು ಗೋದಾ ಆಂಟಿ ಕೇಳಿದರು. "ಹನ್ನೊಂದೇ ದಿನ ಅಮ್ಮಾ, ಇದೊಂದನ್ನ ಒಗೀಬೇಡ," ಎಂದ. ಆಮೇಲೆ ನನ್ನ ಮಾಸಿದ ಶರ್ಟನ್ನು ಕೊಡವಿ ತೊಟ್ಟು, ಕತ್ತಿನವರೆಗೂ ಗುಂಡಿ ಹಾಕಿಕೊಂಡ.