ಬೀಗರಿಗೊಂದು ಗೂಬೆ ಕೇಕ್

ಯುರೋಪಿನ ಯಾವ ದೇಶದವರೇ ಇಂಗ್ಲೆಂಡಿನ ಕೆಂಟನ್ನಿನಲ್ಲಿರುವ ನಮ್ಮ ಮನೆಗೆ ಬರಲಿ, ಅವರನ್ನು ಅರ್ಧ ಗಂಟೆ ಸಂತೋಷವಾಗಿ ಕೂರಿಸಿಕೊಳ್ಳುವಷ್ಟು ವಿದ್ಯೆ ನನ್ನಲ್ಲಿದೆ ಎಂದು ಹೋದ ತಿಂಗಳವರೆಗೆ ನಾನು ನಂಬಿದ್ದೆ. ಆ ವಿದ್ಯೆ ಯಾವುದೆಂದರೆ ಫುಟ್‌ಬಾಲ್ ತಂಡಗಳ ಅಡ್ಡಹೆಸರುಗಳು. ನಾನು ಫುಟ್‌ಬಾಲ್ ಆಡಿದವನಲ್ಲ, ಒಂದು ಮ್ಯಾಚನ್ನು ಪೂರ್ತಿ ನೋಡಿದವನೂ ಅಲ್ಲ. ಆಫ್‌ಸೈಡ್ ಅಂದರೆ ಏನೆಂದು ಅಕ್ಸ್‌ಬ್ರಿಡ್ಜಿನ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಒಬ್ಬರಾದ ಮೇಲೊಬ್ಬರು ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿ ಇಟ್ಟು ವಿವರಿಸಿದ್ದಾರೆ. ಉಪ್ಪು ಯಾವ ತಂಡದ್ದು ಎಂಬುದೇ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಈ ವಿದ್ಯೆ ಕಲಿಯುವ ಅಗತ್ಯ ಬಿದ್ದದ್ದು ಮಗಳಿಗಾಗಿ. ಮೇಘನಾ ಕೊಲಿಂಡೇಲಿನ ಫ್ಲಾಟಿನಲ್ಲಿರುತ್ತಾಳೆ. ತನ್ನ ಜೊತೆ ಕೆಲಸ ಮಾಡುವ ಮಿಕ್ಕೊ ಎಂಬ ಫಿನ್‌ಲ್ಯಾಂಡಿನ ಹುಡುಗನನ್ನು ಮೆಚ್ಚಿದ್ದಳು. ನನಗೂ ನನ್ನ ಹೆಂಡತಿ ಸುಧಾಳಿಗೂ ಅವನು ಒಪ್ಪಿಗೆಯೇ. ಒಪ್ಪಬೇಕಾದವರು ಇನ್ನೊಬ್ಬರಿದ್ದರು. ಸುಧಾಳನ್ನು ಚಿಕ್ಕಂದಿನಿಂದ ಸಾಕಿ ಡಾಕ್ಟರ್ ಮಾಡಿದ ಅವಳ ಚಿಕ್ಕಮ್ಮ, ಸುಮಿತ್ರಾ ಕಾಕು. ಧಾರವಾಡದಿಂದ ಬಂದು ನಮ್ಮ ಜೊತೆ ಇದ್ದರು.

"ಹುಡುಗನ ಮಂದೀನ್ನ ಕಣ್ಣಿಲೆ ನೋಡದ ನಾ ಹೂಂ ಅನ್ನೂದಿಲ್ಲ" ಎಂದು ಕಾಕು ಹೇಳಿಬಿಟ್ಟಿದ್ದರು. ಕಾಕು ಹೂಂ ಅನ್ನದೆ ನಿಶ್ಚಿತಾರ್ಥದ ದಿನ ಗೊತ್ತುಮಾಡುವುದಿಲ್ಲ ಎಂದು ಮೇಘನಾಳೂ ಹಟ ಹಿಡಿದಿದ್ದಳು. ಆ ಒಂದು ಹೂಂಗಾಗಿ ಮಿಕ್ಕೊನ ಅಪ್ಪ ಅಮ್ಮ ಭಾನುವಾರ ವಿಮಾನ ಹತ್ತಿ ಬರುವವರಿದ್ದರು.

"ಮಿಕ್ಕೊನ ಡ್ಯಾಡ್ ಜಾಸ್ತಿ ಮಾತಾಡಲ್ಲ" ಎಂದಳು ಮೇಘನಾ ಫೋನಿನಲ್ಲಿ, ಅರ್ಧ ಇಂಗ್ಲಿಷಿನಲ್ಲಿ. "ಅವರ ಟೀಮ್ ಬಗ್ಗೆ ಕೇಳಿದ್ರೆ ಮಾತ್ರ ಬಾಯಿ ಬಿಡ್ತಾರೆ. ನೀನು ಏನೂ ಮಾಡ್ಬೇಡ ಡ್ಯಾಡ್. ಪ್ಲೀಸ್, ಜಸ್ಟ್ ಬಿ ನಾರ್ಮಲ್."

ಟೀಮ್ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಮುಂದಿನದು ನನಗೆ ಕೇಳಿಸಲಿಲ್ಲ.

ಆ ವಾರವೆಲ್ಲ ಊಟದ ಹೊತ್ತಿಗೆ ನಾನು ಕಲಿತದ್ದನ್ನು ಸುಧಾಳಿಗೆ ಒಪ್ಪಿಸುತ್ತಿದ್ದೆ.

"ಇಟಲಿ ಬಾವುಟದಲ್ಲಿ ನೀಲಿ ಇದೆಯಾ? ಇಲ್ಲ. ಆದರೂ ಅವರ ತಂಡಕ್ಕೆ ನೀಲಿಯವರು ಅಂತ ಹೆಸರು. ಯಾಕೆ ಹೇಳು?"

"ಸಾರು ಹಾಕ್ಲಾ?"

"ಅವರ ಹಳೇ ರಾಜಮನೆತನದ ಬಣ್ಣ ನೀಲಿ. ರಾಜ ಹೋದ, ಬಣ್ಣ ಉಳೀತು. ಹಾಲೆಂಡಿನವರ ಆರೆಂಜ್ ಕೂಡ ರಾಜಮನೆತನದ್ದೇ. ಬೆಲ್ಜಿಯಂನವರು ಕೆಂಪು ದೆವ್ವಗಳು. ಕೆಂಪಂಗಿ ಹಾಕಿಕೊಂಡು ಆಡಿದ ರಭಸ ನೋಡಿ ಪತ್ರಿಕೆಯವನೊಬ್ಬ ಹಾಗೆ ಬರೆದನಂತೆ."

"ದೆವ್ವ ಅಂತ ಕರೆದ್ರೂ ಸುಮ್ಮನಿದ್ರಾ?"

"ಖುಷಿಪಟ್ಟರು! ಗ್ರೀಸಿನವರು ಕಡಲ್ಗಳ್ಳರ ಹಡಗು. ಒಂದು ಟೂರ್ನಿಯ ಉದ್ಘಾಟನೆಯಲ್ಲಿ ಹಳೇ ಕಾಲದ ಹಡಗೊಂದನ್ನು ತಂದು ನಿಲ್ಲಿಸಿದ್ದರು. ಅದನ್ನು ನೋಡಿ ಅವರ ಕಾಮೆಂಟ್ರಿಯವರು, ಹಾಗಾದರೆ ನಾವೂ ಕಡಲ್ಗಳ್ಳರಾಗೋಣ ಅಂದರು. ಆಮೇಲೆ ಕಪ್ಪನ್ನೇ ದೋಚಿಕೊಂಡು ಹೋದರು."

"ಬರೋರು ಗ್ರೀಸಿನವರಲ್ಲ. ಫಿನ್‌ಲ್ಯಾಂಡಿನವರು."

"ಅವರು ಗೂಬೆಗಳು" ಎಂದೆ.

ಸುಧಾ ಸೌಟು ಕೆಳಗಿಟ್ಟಳು. "ಆ ಮಾತು ಕಾಕು ಮುಂದೆ ಎತ್ತಬೇಡಿ" ಎಂದಳು.

ಅವಳ ಭಯ ಸುಳ್ಳಲ್ಲ. ಕಾಕು ಚಿಕ್ಕವರಿದ್ದಾಗ ಪಕ್ಕದ ಮನೆಯ ಮಾಳಿಗೆಯ ಮೇಲೆ ಗೂಬೆ ಕೂತು, ಆ ಮನೆಯವರು ಶಾಂತಿ ಮಾಡಿಸುವವರೆಗೆ ಬೀಗ ಹಾಕಿಕೊಂಡು ಬೇರೆ ಕಡೆ ಇದ್ದರಂತೆ. ಆದರೆ ಫಿನ್‌ಲ್ಯಾಂಡಿನ ಕತೆ ಎಷ್ಟು ಚೆನ್ನಾಗಿದೆ ನೋಡಿ. ಹೆಲ್ಸಿಂಕಿಯಲ್ಲಿ ಬೆಲ್ಜಿಯಂ ವಿರುದ್ಧ ಮ್ಯಾಚ್ ನಡೆಯುತ್ತಿರುವಾಗ ದೊಡ್ಡದೊಂದು ಗೂಬೆ ಹಾರಿಬಂದು ಮೈದಾನದಲ್ಲೇ ಕೂತುಬಿಟ್ಟಿತು. ಆಟ ನಿಂತಿತು. ಜನ ಗೂಬೆ ಗೂಬೆ ಎಂದು ಕೂಗಿದರು. ಅದು ಈ ಗೋಲಿನ ಕಂಬದಿಂದ ಆ ಗೋಲಿನ ಕಂಬಕ್ಕೆ ಹಾರಿ, ಎಲ್ಲರನ್ನೂ ನಿಧಾನವಾಗಿ ನೋಡಿ, ತನಗೆ ಬೇಕಾದಾಗ ಎದ್ದುಹೋಯಿತು. ಅಂದಿನಿಂದ ತಂಡಕ್ಕೆ ಅದೇ ಹೆಸರು. ಇದನ್ನು ಓದಿ ನನ್ನ ಕಣ್ಣು ತೇವವಾಯಿತು. ಇಂಥ ಕತೆಯನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳುವುದು ಬೀಗರಿಗೆ ಮಾಡುವ ಅವಮಾನ ಎನಿಸಿತು.

ಆದ್ದರಿಂದ ಯಾರಿಗೂ ಹೇಳದೆ ಮೊಟ್ಟೆ ಹಾಕದ ಕೇಕ್ ಮಾಡುವ ಅಂಗಡಿಗೆ ಹೋಗಿ, ಗೂಬೆಯ ಆಕಾರದ ಕೇಕ್ ಬೇಕೆಂದು ಚಿತ್ರ ಕೊಟ್ಟು ಬಂದೆ.

ಭಾನುವಾರ ಬೆಳಿಗ್ಗೆ ಸುಧಾ ಆಸ್ಪತ್ರೆಯ ಡ್ಯೂಟಿಯಲ್ಲಿದ್ದಳು. ನಾನು ಕೇಕ್ ತಂದು ಊಟದ ಟೇಬಲ್ಲಿನ ಮೇಲಿಟ್ಟು ಡಬ್ಬ ತೆರೆದೆ. ಎರಡೂ ರೆಕ್ಕೆ ಚಾಚಿದೆ, ಬಾಗಿದ ಕೊಕ್ಕು, ಕಿತ್ತಳೆ ಬಣ್ಣದ ಕಣ್ಣು, ತಲೆಯ ಮೇಲೆ ಎರಡು ಪುಕ್ಕದ ಕೊಂಬು. ನಾನು ಹಿಂದೆ ಸರಿದು ನಿಂತು ಮೆಚ್ಚಿಕೊಳ್ಳುತ್ತಿರುವಾಗ ಹಿಂದಿನಿಂದ ಕಾಕುವಿನ ದನಿ ಬಂತು.

"ಏನ್ರಿ ಇದು? ಗೂಬಿ ಕಂಡಂಗ ಕಾಣ್ತದಲ್ಲ?"

"ಛೇ ಛೇ. ಗರುಡ" ಎಂದೆ.

ಹೇಗೆ ಬಾಯಿಂದ ಬಂತೋ ನನಗೇ ಗೊತ್ತಿಲ್ಲ. ರೆಕ್ಕೆಯಿರುವ ಪ್ರಾಣಿಗಳಲ್ಲಿ ಆ ಕ್ಷಣಕ್ಕೆ ಹೊಳೆದ ಮರ್ಯಾದಸ್ಥ ಅವನೊಬ್ಬನೇ.

"ಗರುಡಗ ಹಿಂಗ ಕಿವಿ ಇರ್ತಾವೇನು?"

"ಅದು ಕಿರೀಟ ಕಾಕು. ಇಲ್ಲಿಯವರಿಗೆ ಕಿರೀಟ ಸರಿಯಾಗಿ ಮಾಡೋಕೆ ಬರಲ್ಲ."

ಕಾಕು ಕೇಕನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು. "ಗರುಡ ಅಂತೀರಿ, ಊಟದ ಟೇಬಲ್ ಮ್ಯಾಲೆ ಇಟ್ಟೀರಿ? ದೇವರ ಮುಂದ ಇಡ್ರಿ" ಎಂದರು. ಅಡುಗೆಮನೆಯ ಕಪಾಟೇ ನಮ್ಮ ದೇವರಮನೆ. ಕೇಕು ಅಲ್ಲಿಗೆ ಹೋಯಿತು. ಹಣೆಗೆ ಕುಂಕುಮ ಬಂತು, ತಲೆಗೆ ಹೂವು ಬಂತು, ಮುಂದೆ ದೀಪ ಹತ್ತಿತು. ಕಾಕು ನಮಸ್ಕಾರ ಮಾಡಿದರು. ನಾನೂ ಮಾಡಿದೆ.

ಸುಧಾ ಮನೆಗೆ ಬಂದವಳು ದೇವರಿಗೆ ಕೈಮುಗಿಯಲು ಹೋಗಿ ಅಲ್ಲೇ ನಿಂತಳು. ಅವಳು ಮಕ್ಕಳ ಡಾಕ್ಟರು. ಮೂಗಿನೊಳಗೆ ಬಟಾಣಿ ಹಾಕಿಕೊಂಡು ಬಂದ ಮಕ್ಕಳನ್ನು ಹೇಗೆ ನೋಡುತ್ತಾಳೋ ಹಾಗೆ ನನ್ನನ್ನು ನೋಡಿದಳು. ಸಿಟ್ಟು ಬಂದಾಗ ಮಾತ್ರ ಅವಳೊಳಗಿನ ಧಾರವಾಡ ಹೊರಗೆ ಬರುತ್ತದೆ. "ಏನ ಮಾಡೀರಿ ಇದು?" ಎಂದಳು ಪಿಸುದನಿಯಲ್ಲಿ. ಉತ್ತರ ಕೊಡುವ ಮೊದಲೇ ಬಾಗಿಲ ಬೆಲ್ಲು ನನ್ನನ್ನು ಕಾಪಾಡಿತು.

ಮೇಘನಾ ಮತ್ತು ಮಿಕ್ಕೊ, ಅವರ ಹಿಂದೆ ಮಿಕ್ಕೊನ ಅಪ್ಪ ಹೆಯ್ಕಿ, ಅಮ್ಮ ಲೀನಾ. ಯಾರೂ ಹೇಳದೆಯೇ ಎಲ್ಲರೂ ಬಾಗಿಲಲ್ಲಿ ಬೂಟು ಕಳಚಿ ಸಾಲಾಗಿ ಇಟ್ಟರು. ಅವರ ದೇಶದಲ್ಲೂ ಅದೇ ಪದ್ಧತಿಯಂತೆ. "ಬೂಟು ಹೊರಗ ಬಿಟ್ಟು ಬಂದ್ರು ನೋಡು" ಎಂದರು ಕಾಕು ಸುಧಾಳ ಕಿವಿಯಲ್ಲಿ. ಲೀನಾ ಎಂಬ ಹೆಸರು ಕೇಳಿ, "ನಮ್ಮ ಹೆಸರ ಇಟ್ಟಾರ" ಎಂದು ಇನ್ನಷ್ಟು ಅರಳಿದರು. ಕೆಲಸ ಅರ್ಧ ಮುಗಿದೇ ಹೋಗಿತ್ತು. ಅಲ್ಲಿಗೆ ನಾನು ಸುಮ್ಮನಿದ್ದಿದ್ದರೆ ಸಾಕಿತ್ತು.

ಹೆಯ್ಕಿ ಆರಡಿಗೂ ಮೀರಿದ ಆಸಾಮಿ. ಸೋಫಾದ ಮೇಲೆ ಕೂತವರು ಬಾಯಿ ತೆರೆಯಲಿಲ್ಲ. ಇದೇ ಸಮಯವೆಂದು ನಾನು ಶುರುಮಾಡಿದೆ. ಇಟಲಿಯ ನೀಲಿ, ಹಾಲೆಂಡಿನ ಆರೆಂಜು, ಬೆಲ್ಜಿಯಂನ ದೆವ್ವ, ಗ್ರೀಸಿನ ಹಡಗು, ಇಂಗ್ಲೆಂಡಿನ ರಾಜಲಾಂಛನದಿಂದ ಇಳಿದುಬಂದ ಮೂರು ಸಿಂಹ, ಕಾಕು ಎದುರಿಗಿದ್ದುದರಿಂದ ಗೂಬೆಯೊಂದನ್ನು ಬಿಟ್ಟು ಬೇರೆ ಯಾವುದನ್ನೂ ಬಿಡಲಿಲ್ಲ. ಹೆಯ್ಕಿ ತಲೆಯಾಡಿಸುತ್ತಿದ್ದರು. ಎಲ್ಲ ಮುಗಿದ ಮೇಲೆ ಬಹಳ ಹೊತ್ತು ಯೋಚಿಸಿ, "ಕಾಫಿ ಚೆನ್ನಾಗಿದೆ" ಎಂದರು.

"ಮಾತು ಕಡಿಮಿ. ಗಂಡಸಂದ್ರ ಹಿಂಗ ಇರಬೇಕು" ಎಂದರು ಕಾಕು, ನನ್ನ ಕಡೆ ನೋಡಿ.

ಅಡುಗೆಮನೆಯಲ್ಲಿ ಕೇಕ್ ನೋಡಿ ಬಂದ ಮೇಘನಾ ಆಗ ಕೇಳಿದಳು, "ಡ್ಯಾಡ್, ಕೇಕ್ ಕಟ್ ಮಾಡೋಣ್ವಾ?"

ನಾನು ಚಾಕು ಹಿಡಿದು ಕಪಾಟಿನ ಹತ್ತಿರ ಹೋದೆ. ಕಾಕು ಅಡ್ಡ ಬಂದು ನಿಂತರು.

"ಗರುಡನ ಕುತ್ತಿಗಿಗೆ ಚಾಕು ಹಾಕ್ತೀರೇನ್ರಿ? ಶುಭದ ದಿನ?"

ಏನಾಯಿತೆಂದು ಲೀನಾ ಇಂಗ್ಲಿಷಿನಲ್ಲಿ ಕೇಳಿದರು. ನಮ್ಮ ಪದ್ಧತಿಯಲ್ಲಿ ಮೊದಲು ಕೇಕನ್ನು ಎಲ್ಲರೂ ಸೇರಿ ನೋಡಬೇಕು ಎಂದೆ. ಎಷ್ಟು ಹೊತ್ತು ನೋಡಬೇಕು ಎಂದರು. ಹಿರಿಯರು ಸಾಕು ಅನ್ನುವವರೆಗೆ ಎಂದೆ. ಪಾಪ, ಅವರೆಲ್ಲ ಕಪಾಟಿನ ಮುಂದೆ ಸಾಲಾಗಿ ನಿಂತು ಕೇಕನ್ನು ನೋಡತೊಡಗಿದರು. ಹೆಯ್ಕಿ ಎರಡು ಕೈಯನ್ನೂ ಮುಂದೆ ಜೋಡಿಸಿಕೊಂಡಿದ್ದರು. ಅವರ ಭಕ್ತಿಗೆ ಕಾಕು ಕರಗಿಹೋದರು. ಸುಧಾ ಗೋಡೆಯ ಕಡೆ ತಿರುಗಿ ನಿಂತಿದ್ದಳು, ಅವಳ ಭುಜ ಕುಲುಕುತ್ತಿತ್ತು. ಅಳುವೋ ನಗುವೋ ನನಗೆ ತಿಳಿಯಲಿಲ್ಲ.

ಈ ದೀರ್ಘ ಮೌನದಲ್ಲಿ ಮಿಕ್ಕೊಗೆ ಏನಾದರೂ ಹೇಳಬೇಕೆನಿಸಿರಬೇಕು. ಕಾಕುವನ್ನು ಮೆಚ್ಚಿಸಲೆಂದೇ ಅವನು ಒಂದಿಷ್ಟು ಕನ್ನಡ ಕಲಿತು ಬಂದಿದ್ದ. ಕೇಕಿನ ಕಡೆ ಬೆರಳು ತೋರಿಸಿ, ಸ್ಪಷ್ಟವಾಗಿ, ಪ್ರೀತಿಯಿಂದ ಹೇಳಿದ:

"ಗೂಬೆ. ತುಂಬಾ ಚೆನ್ನಾಗಿದೆ ಗೂಬೆ."

ಕಾಕು ನಿಧಾನವಾಗಿ ತಿರುಗಿದರು. "ಏನಂದಿಪಾ?"

"ಗೂಬೆ" ಎಂದ ಮಿಕ್ಕೊ. ಎರಡು ಕೈಯನ್ನೂ ರೆಕ್ಕೆಯಂತೆ ಬಡಿದು ತೋರಿಸಿದ. ತನ್ನ ಉಚ್ಚಾರ ಸರಿಯಿಲ್ಲವೇನೋ ಎಂದುಕೊಂಡನೆಂದು ಕಾಣುತ್ತದೆ.

ಮೇಘನಾಳ ಮುಖ ಬಿಳುಚಿಹೋಯಿತು. ಅದನ್ನು ನೋಡಿ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಮಗಳ ಮದುವೆಯನ್ನು ಒಂದು ಕೇಕಿನಿಂದ ಕೆಡಿಸಿದ ತಂದೆ ಕೆಂಟನ್ನಿನಲ್ಲಿ ಇನ್ನೊಬ್ಬನಿರಲಾರ. ಇನ್ನು ಸುಳ್ಳು ಹೇಳುವ ಶಕ್ತಿ ನನ್ನಲ್ಲಿರಲಿಲ್ಲ. ಹೆಲ್ಸಿಂಕಿಯ ಮೈದಾನದಲ್ಲಿ ಗೂಬೆ ಬಂದು ಕೂತ ಕತೆಯನ್ನೆಲ್ಲ ಕಾಕುವಿಗೆ ಹೇಳಿದೆ. ಚಾಕು ಇನ್ನೂ ಕೈಯಲ್ಲೇ ಇತ್ತು.

ಕಾಕು ಪೂರ್ತಿ ಕೇಳಿದರು. ಆಮೇಲೆ, "ಆ ಮ್ಯಾಚ್ ಏನಾತು? ಸೋತ್ರೇನು?" ಎಂದರು.

"ಇಲ್ಲ ಕಾಕು. ಗೆದ್ದರು."

"ಗೂಬಿ ಬಂದು ಕೂತ ಮ್ಯಾಲೂ?"

"ಹೌದು."

ಕಾಕು ಕೇಕಿನ ಹತ್ತಿರ ಹೋದರು. "ಹಂಗಾದ್ರ ಅವರ ಊರಾಗ ಅದು ಶುಭನ ಇರಬೇಕು" ಎಂದು ಕೇಕಿನ ತಲೆಯ ಮೇಲಿನ ಹೂವು ತೆಗೆದರು. ಕೇಕನ್ನು ತಾವೇ ಎತ್ತಿ ತಂದು ಟೇಬಲ್ಲಿನ ಮೇಲಿಟ್ಟರು. ಮಿಕ್ಕೊನ ಬೆನ್ನು ಸವರಿದರು. "ಈ ಹುಡುಗ ಗೂಬಿ ಕಂಡ್ರ ಗೂಬಿ ಅಂತಾನ. ನಮ್ಮ ಮನ್ಯಾಗ ಅಂಥವ ಒಬ್ಬ ಬೇಕಾಗಿದ್ದ. ನಂದು ಹೂಂ ಅದ, ಸುಧಾ."

ಮೇಘನಾ ಹೋಗಿ ಕಾಕುವನ್ನು ತಬ್ಬಿಕೊಂಡಳು. ಹೇಗೇ ಆಗಲಿ, ನನ್ನ ಕೇಕಿನಿಂದಲೇ ಒಪ್ಪಿಗೆ ಸಿಕ್ಕಿತಲ್ಲ ಎಂದು ಒಳಗೊಳಗೇ ಸ್ವಲ್ಪ ಬೀಗಿದೆ. ಒಂದು ರೆಕ್ಕೆ ಕತ್ತರಿಸಿ ಹೆಯ್ಕಿಯವರ ತಟ್ಟೆಗೆ ಹಾಕಿ, "ನಿಮ್ಮ ತಂಡದ ಗೌರವಕ್ಕೆ" ಎಂದೆ.

ಹೆಯ್ಕಿ ರೆಕ್ಕೆಯನ್ನು ಪೂರ್ತಿ ತಿಂದರು. ಆಮೇಲೆ ಅಂದಿನ ಅವರ ಅತಿ ದೀರ್ಘ ಭಾಷಣ ಮಾಡಿದರು. "ಫುಟ್‌ಬಾಲ್ ನಾನು ನೋಡುವುದಿಲ್ಲ. ನಂದು ಐಸ್ ಹಾಕಿ ತಂಡ."

"ಆ ತಂಡಕ್ಕೂ ಅಡ್ಡಹೆಸರು ಇದೆಯಾ?" ಎಂದಳು ಸುಧಾ.

"ಇದೆ. ಸಿಂಹಗಳು."

ಸಿಂಹ! ಸಿಂಹದ ಕೇಕ್ ತಂದಿದ್ದರೆ ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ. ಸುಧಾ ನನ್ನ ತಟ್ಟೆಗೆ ಗೂಬೆಯ ಕಿವಿಯನ್ನು ಬಡಿಸಿದಳು.

ಮಾತು ಬದಲಿಸಲು ನಾನು ಮಿಕ್ಕೊನನ್ನು ಕೇಳಿದೆ, "ನಮಸ್ಕಾರ, ಊಟ ಆಯ್ತಾ, ಇವೆಲ್ಲ ಸರಿ. ಗೂಬೆ ಅನ್ನೋ ಪದ ನಿನಗೆ ಹೇಗೆ ಗೊತ್ತಾಯ್ತು?"

"ಮೇಘನಾ ಮತ್ತು ಅವಳ ಅಮ್ಮ ಫೋನಿನಲ್ಲಿ ದಿನಾ ಹೇಳುತ್ತಾರೆ" ಎಂದ ಮಿಕ್ಕೊ ಮುಗ್ಧವಾಗಿ. "ಗೂಬೆ ಮನೆಯಲ್ಲಿದೆಯಾ, ಗೂಬೆ ಊಟ ಮಾಡ್ತಾ ಅಂತ. ನೀವು ಹಕ್ಕಿ ಸಾಕಿದ್ದೀರಿ ಅಂದುಕೊಂಡಿದ್ದೆ. ಈ ಮನೆಗೆ ಬಂದಾಗಲೆಲ್ಲ ಪಂಜರ ಹುಡುಕುತ್ತೇನೆ."

ಮೇಘನಾ ಕಾಫಿ ಲೋಟದೊಳಗೆ ಮುಖ ಮರೆಸಿಕೊಂಡಳು. ಸುಧಾ ಟೇಬಲ್ಲನ್ನು ಒರೆಸತೊಡಗಿದಳು. ಅದು ಆಗಲೇ ಒರೆಸಿದ ಟೇಬಲ್ಲು.

ಯುರೋಪಿನ ಅಷ್ಟೂ ಅಡ್ಡಹೆಸರುಗಳ ಮೂಲ ಬಲ್ಲವನಾಗಿ ನಾನು ಕೇಳಲೇಬೇಕಾಯಿತು. "ಯಾವಾಗಿನಿಂದ ಈ ಹೆಸರು?"

"ಮೇಘನಾ ಪ್ರೈಮರಿ ಸ್ಕೂಲಿನಲ್ಲಿದ್ದಾಗಿನಿಂದ" ಎಂದಳು ಸುಧಾ. "ಸ್ಪೋರ್ಟ್ಸ್ ಡೇ ದಿನ ಓಟ ಶುರುವಾದ ಮೇಲೆ ಫೋಟೊ ತೆಗೀತೀನಿ ಅಂತ ಟ್ರ್ಯಾಕ್ ಮಧ್ಯೆ ಹೋಗಿ ಕೂತ್ರಿ. ಮೈಕಿನಲ್ಲಿ ಕೂಗಿದರೂ ಏಳಲಿಲ್ಲ."

ಅದು ನನಗೆ ನೆನಪಿತ್ತು. ಫೋಟೊ ಬಹಳ ಚೆನ್ನಾಗಿ ಬಂದಿತ್ತು. "ಆ ಓಟದಲ್ಲಿ ಮೇಘನಾ ಗೆದ್ದಳಲ್ಲ?" ಎಂದೆ.

"ಎಲ್ಲರಿಗಿಂತ ಮುಂದಿದ್ಳು" ಎಂದಳು ಸುಧಾ, "ನಿಮಗೆ ಡಿಕ್ಕಿ ಹೊಡೆಯೋವರೆಗೆ."