ಏಳನೇ ಕಲಮು ಮತ್ತು ಮಧ್ವೇಶನ ಕಾಲು

ಲಕ್ಷ್ಮೀ ನಗರದ ರಘುನಂದನರಾಯರಿಗೆ ಬಾಳಿನಲ್ಲಿ ಒಂದೇ ಒಂದು ಕೊರಗಿತ್ತು. ಸಂಬಳದ್ದಲ್ಲ, ಬಡ್ತಿಯದ್ದಲ್ಲ. ನಾಗಪುರದ ಕನ್ನಡ ಬಳಗದ ಫುಟ್‌ಬಾಲ್ ತಂಡವು ಪಕ್ಕದ ಕಾಮ್ಠಿ ಸೇನಾನೆಲೆಯ ಫೌಜಿ ಕನ್ನಡಿಗರ ಎದುರು ಸತತವಾಗಿ ಐದು ವರ್ಷ ಸೋತಿತ್ತು. ರಾಜ್ಯೋತ್ಸವದ ಲೆಕ್ಕದಲ್ಲಿ ಪ್ರತಿ ನವೆಂಬರಿನಲ್ಲೂ ಈ ಪಂದ್ಯ ನಡೆಯುತ್ತಿತ್ತು. ಒಂದು ಕಡೆ ಬ್ಯಾಂಕಿನವರು, ಮಾಸ್ತರರು, ಗುಮಾಸ್ತರು. ಇನ್ನೊಂದು ಕಡೆ ಬೆಳಗಿನ ಐದಕ್ಕೇ ಎದ್ದು ಓಡುವವರು. ಫಲಿತಾಂಶವನ್ನು ಯಾರು ಬೇಕಾದರೂ ಊಹಿಸಬಹುದಿತ್ತು, ಆಯ್ಕೆ ಸಮಿತಿಯ ಅಧ್ಯಕ್ಷರಾದ ರಾಯರನ್ನು ಬಿಟ್ಟು.

ರಾಯರು ಸಿವಿಲ್ ಲೈನ್ಸ್‌ನ ಒಂದು ಕೇಂದ್ರ ಸರಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟರು. ಧಾರವಾಡ ಬಿಟ್ಟು ಇಪ್ಪತ್ತಾರು ವರ್ಷ, ವಯಸ್ಸು ಐವತ್ತೆರಡು. ಕಡತವಿಲ್ಲದೆ ಅವರು ಯಾವ ಕೆಲಸವನ್ನೂ ಮಾಡಿದವರಲ್ಲ. ಫುಟ್‌ಬಾಲ್ ತಂಡಕ್ಕೂ ಒಂದು ಕಡತವಿತ್ತು, ಕೆಂಪು ದಾರ ಕಟ್ಟಿದ್ದು. ಅದರ ಮೊದಲ ಪುಟದಲ್ಲಿ ಅವರೇ ರಚಿಸಿದ ಒಂಬತ್ತು ಕಲಮುಗಳ ನಿಯಮಾವಳಿ. ಮಿಕ್ಕ ಎಂಟು ಕಲಮುಗಳು ನಮ್ಮ ಕಥೆಗೆ ಬೇಕಿಲ್ಲ, ಏಳನೆಯದು ಬೇಕು.

ಹಿಂದೊಮ್ಮೆ ಬ್ಯಾಂಕಿನ ನರಹರಿ, ಪುಣೆಯಲ್ಲಿದ್ದ ತನ್ನ ಅಳಿಯನನ್ನು ತಂಡಕ್ಕೆ ಶಿಫಾರಸು ಮಾಡಿದ್ದ. ಅಳಿಯ ಬರಲೇ ಇಲ್ಲ, ಹತ್ತೇ ಜನ ಆಡಬೇಕಾಯಿತು. ಕಚೇರಿಯಲ್ಲಿ ಒಬ್ಬ ರಜೆ ಹಾಕಿದರೆ ಅವನ ಕುರ್ಚಿಯ ಕೆಲಸ ಯಾರು ನೋಡಬೇಕೆಂದು ಆದೇಶ ಹೊರಡುತ್ತದಲ್ಲ, ಆ ಪದ್ಧತಿಯನ್ನೇ ಮೈದಾನಕ್ಕೂ ತಂದು ರಾಯರು ಬರೆದರು: 'ಆಯ್ಕೆಯಾದ ಆಟಗಾರನು ಯಾವುದೇ ಕಾರಣದಿಂದ ಆಡಲಾಗದಿದ್ದಲ್ಲಿ, ಅವನನ್ನು ಶಿಫಾರಸು ಮಾಡಿದವರೇ ಅವನ ಸ್ಥಾನದ ಪ್ರಭಾರವನ್ನು ವಹಿಸಿಕೊಳ್ಳತಕ್ಕದ್ದು.' ಎಲ್ಲರೂ ಓದದೆ ಸಹಿ ಮಾಡಿದರು. (ರಾಯರ ಅನುಭವದಲ್ಲಿ ಒಳ್ಳೆಯ ನಿಯಮಗಳೆಲ್ಲ ಹೀಗೆಯೇ ಜಾರಿಗೆ ಬರುತ್ತವೆ.)

ತೊಂಬತ್ತೆಂಟರಲ್ಲಿ ಮಾತ್ರ ಅವರಿಗೆ ಗೆಲ್ಲುವ ಆಸೆ ಹುಟ್ಟಿತು. ಆ ಆಸೆಯ ಹೆಸರು ಮಧ್ವೇಶ. ಹೆಂಡತಿ ಕೃಷ್ಣವೇಣಿಯ ಖಾಸಾ ತಮ್ಮ, ಇಪ್ಪತ್ತಾರರ ಹುಡುಗ, ಉಮರೇಡಿನ ಕಲ್ಲಿದ್ದಲು ಗಣಿಯ ಕಚೇರಿಯಲ್ಲಿ ನೌಕರಿ ಸಿಕ್ಕಿ ಆ ವರ್ಷವಷ್ಟೇ ಅಕ್ಕನ ಮನೆಗೆ ಬಂದಿದ್ದ. ಮೈದಾನದ ನಡುವೆ ನಿಂತು ಎಡಕ್ಕೆ ಒಂದು, ಬಲಕ್ಕೆ ಒಂದು ಚೆಂಡು ಹಂಚುತ್ತಿದ್ದರೆ, ಹೊಟ್ಟೆ ಬೆಳೆದ ಮಾಸ್ತರರೂ ಆಟಗಾರರಂತೆ ಕಾಣುತ್ತಿದ್ದರು. ಅವನಿದ್ದರೆ ತಂಡ, ಇಲ್ಲದಿದ್ದರೆ ಹತ್ತು ಜನ ಗೃಹಸ್ಥರು, ಅಷ್ಟೇ.

ಅಂಥ ಮಧ್ವೇಶ ಪಂದ್ಯಕ್ಕೆ ಎರಡು ವಾರವಿರುವಾಗ ಬಿದ್ದ. ಮೈದಾನದಲ್ಲಲ್ಲ, ಮನೆಯ ವರಾಂಡದಲ್ಲಿ, ಕೂಲರಿನಿಂದಾಗಿ.

ನಾಗಪುರದಲ್ಲಿ ಬೇಸಿಗೆಯ ಬಿಸಿಗಾಳಿ ತಂಪಾಗಲೆಂದು ಮಾರ್ಚಿಗೆ ಕಿಟಕಿಗೆ ಏರಿದ ಕೂಲರು ಮಳೆ ಹಿಡಿದ ಮೇಲೆ ಇಳಿಯಬೇಕು. ಊರಿನ ಕೂಲರುಗಳೆಲ್ಲ ಜುಲೈಯಲ್ಲೇ ಇಳಿದಿದ್ದವು. ರಾಯರದು ಅಕ್ಟೋಬರ್ ಮುಗಿಯುತ್ತ ಬಂದರೂ 'ಪರಿಶೀಲನೆಯಲ್ಲಿ' ಇತ್ತು. ಕೃಷ್ಣವೇಣಿ ಮೂರು ದಿನ ಮಾತು ಬಿಟ್ಟ ಮೇಲೆ ರಾಯರು ಒಂದು ದಿನ ರಜೆ ಹಾಕಿ, ಮೈದುನನಿಗೂ ಹಾಕಿಸಿ, ಅವನನ್ನು ಸ್ಟೂಲಿನ ಮೇಲೆ ಹತ್ತಿಸಿ, ಕೂಲರಿನ ನೀರು ಹಿಡಿಯುವ ಹುಲ್ಲಿನ ಪರದೆಗಳನ್ನು ಬಿಚ್ಚಲು ಹೇಳಿ, ತಾವು ಕೆಳಗೆ ಸ್ಟೂಲು ಹಿಡಿದು ನಿಂತರು. ಅಷ್ಟರಲ್ಲಿ ಒಳಗೆ ಫೋನು ಗಣಗಣಿಸಿತು. ಕಚೇರಿಯಿಂದಲೇ ಇರಬೇಕೆಂದು ರಾಯರು ಸ್ಟೂಲು ಬಿಟ್ಟು ಓಡಿದರು. 'ಹಲೋ' ಅನ್ನುವುದಕ್ಕೂ ವರಾಂಡದಲ್ಲಿ ಧಡಕ್ಕನೆ ಸದ್ದಾಗುವುದಕ್ಕೂ ಸರಿಹೋಯಿತು. ಫೋನು ಅಲ್ಲೇ ಕೈಬಿಟ್ಟು ಬಂದು ನೋಡಿದರೆ ಮಧ್ವೇಶ ಬಲಗಾಲು ಹಿಡಿದುಕೊಂಡು ನೆಲದ ಮೇಲಿದ್ದ.

ಸಂಜೆ ಶಾಲೆಯಿಂದ ಬಂದ ಕೃಷ್ಣವೇಣಿ (ಗಣಿತದ ಟೀಚರು, ಆದ್ದರಿಂದ ಪ್ರಶ್ನೆ ಕಡಿಮೆ, ನೋಟ ಹೆಚ್ಚು) ಕೇಳಿದಳು.

"ನೀವು ಎಲ್ಲಿದ್ರಿ?"

"ನಾನೇನ, ಸ್ಟೂಲ್ ಹಿಡಕೊಂಡಽ ನಿಂತಿದ್ದೆ. ಎರಡೂ ಕೈಲೆ. ಅದಽ ಜಾರ್ತು."

ಮಧ್ವೇಶ ಗೋಡೆಯ ಕ್ಯಾಲೆಂಡರ್ ನೋಡಿದ. ಕೃಷ್ಣವೇಣಿ ಗಂಡನ ಮುಖ ನೋಡಿದಳು. ಆಮೇಲೆ ಆ ವಿಷಯ ಎತ್ತಲಿಲ್ಲ.

ಎಲುಬು ಮುರಿದಿಲ್ಲ, ಪಾದದ ಗಿಣ್ಣು ಉಳುಕಿದೆ, ಆದಷ್ಟು ವಿಶ್ರಾಂತಿ ಕೊಡಿ ಎಂದು ಡಾಕ್ಟರರು ಪಟ್ಟಿ ಕಟ್ಟಿ ಕಳಿಸಿದರು. ಅಂದಿನಿಂದ ರಾಯರ ಮನಸ್ಸು ಒಂದೇ ದಾರಿಯಲ್ಲಿ ಓಡತೊಡಗಿತು. ಮಧ್ವೇಶ ಆಡಿದರೆ ಅವನ ಕಾಲಿಗೆ ಏನೂ ಆಗಿಲ್ಲವೆಂದಾಯಿತು. ಏನೂ ಆಗಿಲ್ಲವೆಂದರೆ ಸ್ಟೂಲನ್ನು ಯಾರೂ ಬಿಟ್ಟಿಲ್ಲವೆಂದಾಯಿತು. ಹೆಂಡತಿಗೆ ಸುಳ್ಳು ಹೇಳಿದ ಸಂಕಟ ಆ ಮನುಷ್ಯನನ್ನು ಒಳಗೊಳಗೇ ಸುಡುತ್ತಿತ್ತು, ಅದನ್ನು ಅವರು ಕಾಮ್ಠಿಯವರ ಮೇಲಿನ ಹಟವೆಂದೇ ತಿಳಿದುಕೊಂಡಿದ್ದರು.

ಪಂದ್ಯಕ್ಕೆ ಐದು ದಿನ ಮೊದಲು ಆಯ್ಕೆ ಸಮಿತಿಯ ಸಭೆ ರಾಯರ ನಡುಮನೆಯಲ್ಲೇ ಸೇರಿತು. ಸದಸ್ಯರು ಮೂವರು: ಅಧ್ಯಕ್ಷ ರಾಯರು, ನರಹರಿ, ಮಹಿಳಾ ಪ್ರತಿನಿಧಿಯಾಗಿ ಕೃಷ್ಣವೇಣಿ. ಚರ್ಚೆಯ ವಿಷಯವಾದ ಕಾಲು ಸೋಫಾದ ಮೇಲೆ, ಎರಡು ದಿಂಬುಗಳ ಮೇಲೆ ಮಂಡಿತವಾಗಿತ್ತು.

"ಇಂವನ್ನ ಆಡಸಬಾರದು," ಎಂದಳು ಕೃಷ್ಣವೇಣಿ. "ಬಾವು ಇನ್ನೂ ಇಳದಿಲ್ಲ. ಡಾಕ್ಟರು ವಿಶ್ರಾಂತಿ ಅಂದಾರ."

"ಆದಷ್ಟು ವಿಶ್ರಾಂತಿ ಅಂದಾರ," ಎಂದು ರಾಯರು ಚೀಟಿ ತೆಗೆದರು. "ಆದಷ್ಟು ಅಂದರ ಅನಿವಾರ್ಯ ಕಾರ್ಯಗಳನ್ನ ಬಿಟ್ಟು ಅಂತ. ಪಂದ್ಯ ಅನಿವಾರ್ಯ ಕಾರ್ಯ."

"ನರಹರಿ ಅವರ, ನೀವ ಹೇಳ್ರಿ. ಉಳುಕಿದ ಕಾಲಿನ ಹುಡುಗನ್ನ ಫೌಜಿನವರ ನಡುವ ನಿಲ್ಲಸೂದು ಬರೋಬರ್ ಏನು?"

ನರಹರಿಯ ಕೈಯಲ್ಲಿ ಕೃಷ್ಣವೇಣಿ ಕೊಟ್ಟ ಹಚ್ಚಿದ ಅವಲಕ್ಕಿಯ ತಟ್ಟೆಯಿತ್ತು. "ವೈನಿ ಹೇಳೂದು ಖರೇ ಅದ," ಎಂದ ಆತ. "ನಾಳೆ ಹುಡುಗನ ಲಗ್ನದ ಮಾತು ಬಂದಾಗ ಕುಂಟ ಅಂದಾರು."

"ನರಹರಿ!" ರಾಯರ ದನಿ ಗಂಭೀರವಾಯಿತು. "ಹೋದ ವರ್ಷ ಐದು ಗೋಲು. ಆ ಸುಬೇದಾರ್ ಬೋಪಣ್ಣ ಪಂದ್ಯ ಮುಗದ ಮ್ಯಾಲೆ ನಿನಗ ಏನಂದ, ನೆನಪದ?"

ನರಹರಿಗೆ ನೆನಪಿತ್ತು. ಗೋಲ್‌ಕೀಪರ್ ಆಗಿದ್ದ ಆತನನ್ನು ಕಂಡು ಬೋಪಣ್ಣ, 'ಸಾರ್, ನೀವು ಬರೀ ನೆಟ್ ಕಟ್ಟಿ ಕೂತಿದ್ರೂ ಸಾಕಿತ್ತು' ಅಂದಿದ್ದ. ನರಹರಿಯ ಬಾಯಲ್ಲಿದ್ದ ಅವಲಕ್ಕಿ ಅಲ್ಲೇ ನಿಂತಿತು.

"ಆಡ್ಲಿ," ಎಂದ ನರಹರಿ. "ಹುಡುಗ ಆಡ್ಲಿ."

ಕೃಷ್ಣವೇಣಿ ಎದ್ದು ತಟ್ಟೆಯನ್ನು ಆತನ ಕೈಯಿಂದ ತೆಗೆದುಕೊಂಡು ಒಳಗೆ ಇಟ್ಟು ಬಂದಳು.

ಇಷ್ಟಾದರೂ ರಾಯರು ಅನ್ಯಾಯ ಮಾಡುವವರಲ್ಲ. ಅರ್ಹತಾ ಪರೀಕ್ಷೆ ಆಗಲೇಬೇಕೆಂದರು. ಸೋಫಾದಿಂದ ಅಡಿಗೆಮನೆಯ ಬಾಗಿಲವರೆಗೆ ಹನ್ನೆರಡು ಅಡಿ. ಅಳತೆಪಟ್ಟಿ ಹಿಡಿದು ಖಚಿತಪಡಿಸಿಕೊಂಡರು. ಮಧ್ವೇಶ ಎದ್ದು ನಿಂತ. ಭಾವನ ಮುಖ ನೋಡಿದ, ಅಕ್ಕನ ಮುಖ ನೋಡಿದ. ನಂತರ ಮಂಗಳಾರತಿ ನೋಡುವವನ ಹಾಗೆ ನಗುಮುಖ ಮಾಡಿಕೊಂಡು ಹನ್ನೆರಡು ಅಡಿಯನ್ನೂ ನಡೆದು, ಅಡಿಗೆಮನೆಯ ಬಾಗಿಲನ್ನು ಬಿಗಿಯಾಗಿ ಹಿಡಿದುಕೊಂಡ.

"ನೋವು ಅದ ಏನೋ?" ಎಂದರು ರಾಯರು.

"ಇಲ್ಲ ಭಾವಾ."

"ಹಂಗಾದರ ವಾಪಸ್ ನಡದು ಬಾ," ಎಂದಳು ಅಕ್ಕ.

"ಸ್ವಲ್ಪ ನೀರು ಕುಡದು ಬರ್ತೀನಿ ಅಕ್ಕಾ," ಎಂದು ಮಧ್ವೇಶ ಒಳಗೆ ಹೋದವನು ಸಭೆ ಮುಗಿಯುವವರೆಗೂ ನೀರು ಕುಡಿಯುತ್ತಲೇ ಇದ್ದ.

ರಾಯರು ಟಿಪ್ಪಣಿ ಬರೆದರು: 'ಅಭ್ಯರ್ಥಿಯು ಹನ್ನೆರಡು ಅಡಿ ನಡೆದದ್ದನ್ನು ಸಮಿತಿಯು ಪ್ರತ್ಯಕ್ಷ ನೋಡಿದೆ. ವಾಪಸಾತಿಯ ವಿಷಯವನ್ನು ಪ್ರತ್ಯೇಕವಾಗಿ ಪರಿಶೀಲಿಸಲಾಗುವುದು. ಆಡಲು ಅರ್ಹನಿದ್ದಾನೆ.'

"ಶಿಫಾರಸು ಮಾಡಿದವರು ಅಂತ ಒಂದು ಜಾಗಾ ಖಾಲಿ ಅದ ನೋಡ್ರಿ," ಎಂದಳು ಕೃಷ್ಣವೇಣಿ, ಕಡತದ ಮೇಲೆ ಬಾಗಿ. "ನಾ ಅಂತೂ ಬರಿಯೂದಿಲ್ಲ. ನೀವಽ ಬರೀರಿ."

ರಾಯರು ತಮ್ಮ ಹೆಸರನ್ನು ಹುದ್ದೆ ಸಮೇತ ಬರೆದು, ತಾರೀಖು ಹಾಕಿ, ಅಡಿಗೆರೆ ಎಳೆದರು.

ಪಂದ್ಯದ ಹಿಂದಿನ ದಿನ ಬೆಳಿಗ್ಗೆ ರಾಯರು ಹಿತ್ತಲಿಗೆ ಹೋದರೆ ಮಧ್ವೇಶ ಒಬ್ಬನೇ ಕೂತು, ಬಟ್ಟೆಯಲ್ಲಿ ಉಪ್ಪು ಕಟ್ಟಿ ಕಾಲಿಗೆ ಶಾಖ ಕೊಟ್ಟುಕೊಳ್ಳುತ್ತಿದ್ದ. ಕಣ್ಣಲ್ಲಿ ನೀರಿತ್ತು. ಭಾವನನ್ನು ಕಂಡು ಗಡಬಡಿಸಿ ಎದ್ದ.

"ಭಾವಾ, ನಾ ಆಡ್ತೀನಿ, ಚಿಂತಿ ಮಾಡಬ್ಯಾಡ್ರಿ. ಅಕ್ಕಗ ನಾ ಏನೂ ಹೇಳಿಲ್ಲ. ಹೇಳೂದೂ ಇಲ್ಲ."

ರಾಯರು ಬಂದ ದಾರಿಯಲ್ಲೇ ತಿರುಗಿದರು. ಈಗಲೇ ಹೋಗಿ ಕೃಷ್ಣವೇಣಿಗೆ ನಿಜ ಹೇಳಿಬಿಡಬೇಕು ಎಂದುಕೊಂಡರು. ಒಳಗೆ ಹೋದರೂ ಕೂಡ. ಅವಳು ಒಗ್ಗರಣೆ ಹಾಕುತ್ತಿದ್ದಳು. ಒಗ್ಗರಣೆ ಆಗಲಿ ಎಂದು ಕಾದರು. ಒಗ್ಗರಣೆ ಆಯಿತು. ಧೈರ್ಯ ಆಗಲಿಲ್ಲ. "ಚಹಾ ಅದ ಏನ?" ಎಂದು ಕೇಳಿ ಹೊರಗೆ ಬಂದರು.

ಭಾನುವಾರ ಕಾಮ್ಠಿಯ ಮೈದಾನದಲ್ಲಿ ನಿಜ ತಾನೇ ಹೊರಬಿತ್ತು. ಮಧ್ವೇಶನ ಬಲಗಾಲು ಬೂಟಿನೊಳಗೆ ಹೋಗಲೇ ಇಲ್ಲ. ದಾರ ಪೂರ್ತಿ ಬಿಚ್ಚಿದರು, ನಾಲಿಗೆ ಹೊರಗೆಳೆದರು, ನರಹರಿ ಹಿಂದಿನಿಂದ ನೂಕಿದ. ಮಧ್ವೇಶ ನಗುಮುಖ ಮಾಡಿಕೊಳ್ಳಲು ನೋಡಿ, ಆಗದೆ, "ಅಯ್ಯೋ ಅಕ್ಕಾ" ಎಂದು ಕೂಗಿಬಿಟ್ಟ.

ಕೃಷ್ಣವೇಣಿ ಬಂದು ಬೂಟನ್ನು ಎತ್ತಿ ಪಕ್ಕಕ್ಕಿಟ್ಟಳು. ಕೈಚೀಲದೊಳಗೆ ಕೈ ಹಾಕಿ, ಥರ್ಮಾಸಿನ ಪಕ್ಕದಿಂದ ಕೆಂಪು ದಾರದ ಕಡತ ತೆಗೆದಳು. ಶಾಲೆಯಲ್ಲಿ ಪ್ರಮೇಯ ಓದುವ ದನಿಯಲ್ಲಿ ಏಳನೇ ಕಲಮನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಆಮೇಲೆ ಶಿಫಾರಸು ಮಾಡಿದವರ ಹೆಸರನ್ನು, ಹುದ್ದೆ ಸಮೇತ.

"ಕೃಷ್ಣಾ, ಅದು ಬರೇ ಕಾಗದದ ಮ್ಯಾಲಿನ ಮಾತು," ಎಂದರು ರಾಯರು. ಈ ವಾಕ್ಯವನ್ನು ಅವರು ಇಪ್ಪತ್ತಾರು ವರ್ಷದ ಸೇವೆಯಲ್ಲಿ ಮೊದಲ ಬಾರಿ ಉಚ್ಚರಿಸಿದ್ದರು.

ಎದುರು ತಂಡದ ನಾಯಕ ಬೋಪಣ್ಣ ಹತ್ತಿರ ಬಂದ. ಕೊಡಗಿನವನು, ಆರಡಿ ಆಳು, ಆದೇಶವೆಂದರೆ ಪ್ರಾಣ. ಕಡತ ಇಸಕೊಂಡು ಓದಿ, ಅಟೆನ್ಷನ್‌ನಲ್ಲಿ ನಿಂತು ಹೇಳಿದ: "ರೂಲ್ ಇದೆ ಅಂದ್ಮೇಲೆ ಮುಗೀತು ಸಾರ್. ಸೈನ್ ಬೇರೆ ನಿಮ್ದೇ ಇದೆ. ಬನ್ನಿ, ಟೈಮಾಯ್ತು."

ಮಧ್ವೇಶನ ಬೂಟು ರಾಯರಿಗೆ ಎರಡು ನಂಬರ್ ದೊಡ್ಡದು. ಮುಂಭಾಗಕ್ಕೆ ಮರಾಠಿ ಪೇಪರು ತುರುಕಿ, ಪ್ಯಾಂಟನ್ನು ಮೊಣಕಾಲವರೆಗೆ ಮಡಚಿ, ಕನ್ನಡಕಕ್ಕೆ ದಾರ ಕಟ್ಟಿ, ಅವರು ಮೈದಾನದ ಮಧ್ಯಕ್ಕೆ ನಡೆದರು. ಮೊದಲರ್ಧದಲ್ಲಿ ಚೆಂಡು ಹಲವು ಸಲ ಅವರ ಕಡೆ ಬಂದು, ಹಲವು ಸಲ ಅವರನ್ನು ದಾಟಿ ಹೋಯಿತು. ಒಮ್ಮೆ ಮಾತ್ರ ಮೆಲ್ಲಗೆ ಉರುಳಿ ಬಂದು ಅವರ ಪಾದದ ಬುಡದಲ್ಲೇ ನಿಂತಿತು. ಯಾರಿಗೆ ರವಾನಿಸಬೇಕೆಂದು ರಾಯರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಇಬ್ಬರ ಅರ್ಹತೆಯನ್ನೂ ತೂಗಿದರು. "ಸ್ವಲ್ಪ ದಾರಿ ಬಿಡಿ ಸಾರ್," ಎಂದು ಬೋಪಣ್ಣ ಚೆಂಡನ್ನು ಒಯ್ದು ಗೋಲು ಹೊಡೆದ. ಅಲ್ಲಿಗೆ ಮೂರು.

ಎರಡನೆಯ ಅರ್ಧದಲ್ಲಿ ರಾಯರು ಪರಿಶೀಲನೆಯನ್ನು ಕೈಬಿಟ್ಟರು. ಚೆಂಡು ಕಂಡದ್ದೇ ತಡ, ಜೀವಮಾನದ ಬಲವನ್ನೆಲ್ಲ ಬಲಗಾಲಿಗೆ ತಂದು ಒದ್ದರು. ಚೆಂಡು ಇದ್ದಲ್ಲೇ ಇತ್ತು. ಬೂಟು ಮೇಲೆದ್ದು, ಮರಾಠಿ ಪೇಪರು ಉದುರಿಸುತ್ತ, ಕಾಮ್ಠಿಯವರ ಗೋಲ್‌ಕೀಪರನ ಕೈಗೆ ಹೋಯಿತು. ರಾಯರು ಒಂದು ಸುತ್ತು ತಿರುಗಿ ಕೂತರು. ಪಾದದ ಗಿಣ್ಣಿನಲ್ಲಿ ಕಟಕ್ಕೆಂದಿತ್ತು.

ಮೊದಲು ಬಂದವನು ಮಧ್ವೇಶ, ಕುಂಟುತ್ತ. ನೆಲದ ಮೇಲೆ ಕೂತು ಭಾವನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಉಫ್ ಉಫ್ ಎಂದು ಊದತೊಡಗಿದ. ಹಿಂದೆಯೇ ಕೃಷ್ಣವೇಣಿ ನೀರು ತಂದಳು. ರಾಯರಿಗೆ ತಡೆಯಲಾಗಲಿಲ್ಲ.

"ಕೃಷ್ಣಾ, ಸ್ಟೂಲ್ ಜಾರಿದ್ದಲ್ಲ. ನಾನಽ ಬಿಟ್ಟಿದ್ದೆ. ಫೋನ್ ಬಂತು ಅಂತ ಒಳಗ ಓಡಿದೆ. ನಿನಗ ಸುಳ್ಳು ಹೇಳಿದೆ."

"ಗೊತ್ತದ," ಎಂದಳು ಕೃಷ್ಣವೇಣಿ.

"ಇಂವ ಹೇಳಿದ್ನ?"

"ಇಂವ ಏನ್ ಹೇಳ್ತಾನ. ಆ ಫೋನ್ ಮಾಡಿದಾಕಿ ನಾನಽ. ಸಾಲಿಯಿಂದ ಮಾಡಿದ್ದೆ. ನೀವು ಹಲೋ ಅಂದ್ರಿ, ಹಿಂದಽ ಧಡಕ್ಕಂತ ಕೇಳಿಸ್ತು, 'ಭಾವಾ' ಅಂತ ಇಂವ ಒದರಿದ್ದೂ ಕೇಳಿಸ್ತು."

ರಾಯರು ಕಾಲಿನ ನೋವು ಮರೆತರು. "ಮತ್ತ ಎರಡು ವಾರ ಯಾಕ ಸುಮ್ಮನಿದ್ದಿ?"

"ನೀವಽ ಹೇಳ್ತೀರಿ ಅಂತ ಕಾದೆ." ಅವಳ ದನಿ ಸಣ್ಣದಾಯಿತು. ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು ಅದರಲ್ಲಿ, ಅದು ರಾಯರಿಗೆ ಮೂರು ಗೋಲುಗಳಿಗಿಂತ ಜೋರಾಗಿ ತಾಗಿತು.

ಅವಳು ತಂದ ನೀರು ಕುಡಿದು ಅವರು ಕೇಳಿದರು: "ಅಲ್ಲ, ಅವತ್ತು ಫೋನ್ ಯಾಕ ಮಾಡಿದ್ದಿ?"

"ಆ ಸ್ಟೂಲಿಂದು ಒಂದು ಕಾಲು ಸಡಲ ಅದ, ಗಟ್ಟಿಯಾಗಿ ಹಿಡಕೋರಿ ಅಂತ ಹೇಳ್ಲಿಕ್ಕೆ."

ಮುಂದಿನ ಭಾನುವಾರದ ಹೊತ್ತಿಗೆ ಲಕ್ಷ್ಮೀ ನಗರದ ಆ ಮನೆಯಲ್ಲಿ ಎರಡು ಬಲಗಾಲುಗಳು ಪಟ್ಟಿ ಕಟ್ಟಿಸಿಕೊಂಡಿದ್ದವು. ಕೂಲರು ಮಾತ್ರ ಅರ್ಧ ಬಿಚ್ಚಿದ ಹಾಗೇ ಕಿಟಕಿಯಲ್ಲಿತ್ತು. ಕೃಷ್ಣವೇಣಿ ಸೀರೆಯ ಸೆರಗು ಸಿಕ್ಕಿಸಿ ತಾನೇ ಸ್ಟೂಲು ಹತ್ತಿದಳು. ರಾಯರು ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು, ಕಾಲು ನೀಡಿ ಕೂತು, ಸ್ಟೂಲು ಹಿಡಿದರು. ಮಧ್ವೇಶ ಸೋಫಾದ ಮೇಲಿಂದ ಕಿಟಕಿಯ ಮೂಲಕ ನೋಡುತ್ತಿದ್ದ. ಅವಳು ಮೊದಲ ಪರದೆಯ ತಂತಿ ಬಿಚ್ಚುವುದಕ್ಕೂ ಒಳಗೆ ಫೋನು ಗಣಗಣಿಸುವುದಕ್ಕೂ ಸರಿಹೋಯಿತು.

ಫೋನು ಗಣಗಣಿಸುತ್ತಲೇ ಇತ್ತು. ಕಚೇರಿಯದ್ದಿರಬಹುದು, ನರಹರಿಯದ್ದಿರಬಹುದು, ಬೂಟು ವಾಪಸ್ ಕೊಡಲು ಬೋಪಣ್ಣನದ್ದೂ ಇರಬಹುದು. ರಾಯರು ಆ ಕಡೆ ತಿರುಗಲಿಲ್ಲ.

"ಎರಡೂ ಕೈ?" ಎಂದಳು ಕೃಷ್ಣವೇಣಿ, ಕೆಳಗೆ ನೋಡದೆ.

"ಎರಡೂ ಕೈ," ಎಂದರು ರಾಯರು.

ಒಳಗೆ ಫೋನು ಇನ್ನೆರಡು ಸಲ ಗಣಗಣಿಸಿ ಸುಮ್ಮನಾಯಿತು.